ವರ್ಚುವಲ್ ಮಷಿನ್ ಒಳಗೆ ಏನು ಮಾಡಿದರೂ ಹೊರಗೆ ದಾಟುವುದಿಲ್ಲವೇ?

"ಅನುಮಾನ ಇರುವ ಸಾಫ್ಟ್‌ವೇರನ್ನು ವರ್ಚುವಲ್ ಮಷಿನ್‌ನಲ್ಲಿ ಓಡಿಸಿ, ಹೊರಗೆ ಏನೂ ಆಗಲ್ಲ." ಹೀಗೊಂದು ಸಲಹೆ ಆಗಾಗ ಕೇಳಿಬರುತ್ತದೆ. ಒಳ್ಳೆಯ ಸಲಹೆಯೇ, ಆದರೆ ಪೂರ್ತಿ ನಿಜವಲ್ಲ.

ವರ್ಚುವಲ್ ಮಷಿನ್ ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಕ್ಲೌಡ್ ಸೇವೆಗಳಲ್ಲಿ ಒಂದೇ ಸರ್ವರ್ ಮೇಲೆ ಪರಸ್ಪರ ಗುರುತಿಲ್ಲದ ಹಲವು ಗ್ರಾಹಕರ ಮಷಿನ್‌ಗಳು ಹೀಗೆ ಓಡುತ್ತಿರುತ್ತವೆ. ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈಹಾಕದಂತೆ ಪ್ರೊಸೆಸರ್ ತಡೆಯುತ್ತದೆ. ತೊಡಕು ಶುರುವಾಗುವುದು, ವೇಗಕ್ಕಾಗಿ ಗ್ರಾಫಿಕ್ಸ್ ಕಾರ್ಡನ್ನೋ ನೆಟ್‌ವರ್ಕ್ ಕಾರ್ಡನ್ನೋ ಒಂದು ವರ್ಚುವಲ್ ಮಷಿನ್‌ಗೆ ನೇರವಾಗಿ ಒಪ್ಪಿಸಿದಾಗ.

ಇಂಥ ಕಾರ್ಡುಗಳು ಪ್ರೊಸೆಸರನ್ನು ಕೇಳದೆ ತಾವೇ ಮೆಮೊರಿಯಲ್ಲಿ ಓದಿ ಬರೆಯುತ್ತವೆ. ಇದಕ್ಕೆ ಡಿಎಂಎ ಎನ್ನುತ್ತಾರೆ. ಯಾವ ವಿಳಾಸಕ್ಕೆ ಬರೆಯಬೇಕೆಂದು ಹೇಳುವುದು ಆ ವರ್ಚುವಲ್ ಮಷಿನ್ ಒಳಗಿನ ಡ್ರೈವರ್. ಅದು ಪಕ್ಕದವರ ವಿಳಾಸ ಕೊಟ್ಟರೆ? ಆ ಜಾಗ ಯಾರದ್ದೆಂದು ಕಾರ್ಡಿಗೆ ಗೊತ್ತಿಲ್ಲ, ಬರೆದುಬಿಡುತ್ತದೆ. ಕಳ್ಳತನದ ಉದ್ದೇಶವೇ ಬೇಕಿಲ್ಲ. ವರ್ಚುವಲ್ ಮಷಿನ್‌ಗೆ ತಿಳಿದಿರುವ ವಿಳಾಸಗಳು ಬೇರೆ, ನಿಜವಾದ ವಿಳಾಸಗಳು ಬೇರೆ. ಹಾಗಾಗಿ ಪ್ರಾಮಾಣಿಕ ಡ್ರೈವರ್ ಕೂಡ ಯಾರದೋ ಮೆಮೊರಿ ಕೆಡಿಸಬಹುದು.

ಇದನ್ನು ತಡೆಯುವುದು ಐಒಎಂಎಂಯು ಎಂಬ ಹಾರ್ಡ್‌ವೇರ್. ಇಂಟೆಲ್ ಇದನ್ನು ವಿಟಿ-ಡಿ ಎಂದೂ ಆರ್ಮ್ ಕಂಪನಿ ಎಸ್‌ಎಂಎಂಯು ಎಂದೂ ಕರೆಯುತ್ತವೆ. ಯಾವ ಸಾಧನ ಎಲ್ಲಿಗೆ ಹೋಗಬಹುದು ಎಂಬ ಪಟ್ಟಿ ಇದರ ಬಳಿ ಇರುತ್ತದೆ. ಸಾಧನ ಕೇಳಿದ ವಿಳಾಸವನ್ನು ನಿಜವಾದ ವಿಳಾಸಕ್ಕೆ ಬದಲಿಸುತ್ತದೆ, ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತದೆ.

ಕೆಲವು ಸಾಧನಗಳು ಐಒಎಂಎಂಯು ಕಣ್ಣಿಗೆ ಬೀಳದೆ ತಮ್ಮತಮ್ಮಲ್ಲೇ ಮಾತಾಡಬಲ್ಲವು. ಲಿನಕ್ಸ್ ಅಂಥವನ್ನು ಒಂದು ಗುಂಪು ಮಾಡುತ್ತದೆ. ಒಂದೇ ಗುಂಪಿನ ಸಾಧನಗಳನ್ನು ಬೇರೆ ಬೇರೆ ವರ್ಚುವಲ್ ಮಷಿನ್‌ಗಳಿಗೆ ಹಂಚಲು ಬಿಡುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಗೇಮ್ ಆಡಲು ಈ ಗುಂಪನ್ನು ಒಡೆಯುವ 'ಎಸಿಎಸ್ ಓವರ್‌ರೈಡ್' ಪ್ಯಾಚ್ ಹಾಕಿಕೊಳ್ಳುವವರಿದ್ದಾರೆ. ಅದು ಸಾಧನಗಳನ್ನು ನಿಜವಾಗಿ ಬೇರ್ಪಡಿಸುವುದಿಲ್ಲ, ಬೇರೆಯಾಗಿವೆ ಎಂದು ಲಿನಕ್ಸ್‌ಗೆ ಸುಳ್ಳು ಹೇಳುತ್ತದೆ ಅಷ್ಟೇ. ನಮ್ಮ ಸಲಹೆ: ಬೇಡ.

ಐಒಎಂಎಂಯು ಇದ್ದ ಮಾತ್ರಕ್ಕೆ ಸಾಲದು ಎಂಬುದನ್ನು 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರೂ ಇದ್ದ ತಂಡವೊಂದು ತೋರಿಸಿತು. 'ಥಂಡರ್‌ಕ್ಲಾಪ್' ಎಂಬ ಆ ಅಧ್ಯಯನದ ಪ್ರಕಾರ, ಹೆಸರಾಂತ ಆಪರೇಟಿಂಗ್ ಸಿಸ್ಟಮ್‌ಗಳೇ ಅದನ್ನು ಸರಿಯಾಗಿ ಬಳಸುತ್ತಿರಲಿಲ್ಲ.

ಸಾಧನ ಒಪ್ಪಿಸದೆ ಸುಮ್ಮನೆ ವರ್ಚುವಲ್ ಮಷಿನ್ ಓಡಿಸುವವರಿಗೆ ಈ ದಾರಿಯ ಭಯವಿಲ್ಲ. ಇನ್ನು ಹೊರಗಿನಿಂದ ಚುಚ್ಚುವ ಥಂಡರ್‌ಬೋಲ್ಟ್ ಸಾಧನಗಳ ವಿರುದ್ಧ ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ಗೆ ಇದೇ ಬಗೆಯ ಕಾವಲು ಇದೆಯೇ ಎಂದು ನೋಡಲು 'ಸಿಸ್ಟಮ್ ಇನ್ಫರ್ಮೇಶನ್' ತೆರೆದು, 'ಕರ್ನಲ್ ಡಿಎಂಎ ಪ್ರೊಟೆಕ್ಷನ್' ಸಾಲಿನಲ್ಲಿ 'ಆನ್' ಎಂದಿದೆಯೇ ಗಮನಿಸಿ.