ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಸೂಪರ್‌ಮ್ಯಾನ್

ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದರೆ ಸಿಗುವ ಊರು ತ್ಯಾವರೆಕೊಪ್ಪ. 1988ರಲ್ಲಿ ಆರಂಭವಾದ ಇಲ್ಲಿನ ಸಿಂಹಧಾಮದಲ್ಲಿ ಹುಲಿ ಸಿಂಹಗಳ ಬೇಲಿಯೇ ಬೇರೆ, ಜಿಂಕೆಗಳ ಬೇಲಿಯೇ ಬೇರೆ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ಅಪ್ಪಂದಿರಿಗೆ ಇದನ್ನು ನೋಡಿದಾಗ ಫ್ಯಾಂಟಮ್‌ನ ಈಡನ್ ದ್ವೀಪ ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲಿ ಹುಲಿ, ಸಿಂಹಗಳು ಮೀನು ತಿಂದುಕೊಂಡು ಜಿಂಕೆಗಳ ಜೊತೆಗೇ ಇದ್ದವು! ಮೃಗಗಳಿಗೇ ಸಾಧುತನ ಕಲಿಸಿದವನಿಗೆ ಮನುಷ್ಯರ ಯುದ್ಧ ನಿಲ್ಲಿಸುವುದು ಯಾವ ಲೆಕ್ಕ? ಕನ್ನಡದಲ್ಲೂ ಬರುತ್ತಿದ್ದ ಇಂದ್ರಜಾಲ ಮಾಲೆ ಶುರುವಾದದ್ದು 1964ರ ಮಾರ್ಚ್‌ನಲ್ಲಿ. ಮರುವರ್ಷವೇ ಪಾಕಿಸ್ತಾನದೊಡನೆ ಯುದ್ಧ. ಫ್ಯಾಂಟಮ್ ಮಾತ್ರ ತನ್ನ ಕಾಡು ಬಿಟ್ಟು ಗಡಿಗೆ ಬರಲಿಲ್ಲ.

ಚಿತ್ರಕಥೆ ಬರೆಯುವವರಿಗೆ ಈ ಪೇಚು ಹೊಸದಲ್ಲ. 1940ರಲ್ಲಿ ಅಮೆರಿಕದ 'ಲುಕ್' ಪತ್ರಿಕೆಗಾಗಿ ಬರೆದ ಕಥೆಯೊಂದರಲ್ಲಿ ಸೂಪರ್‌ಮ್ಯಾನ್ ಹಿಟ್ಲರನನ್ನೂ ಸ್ಟಾಲಿನ್‌ನನ್ನೂ ಎತ್ತಿಕೊಂಡು ಹೋಗಿ ಜಿನೀವಾದ ರಾಷ್ಟ್ರಸಂಘದ ಮುಂದೆ ನಿಲ್ಲಿಸಿದ. ಎರಡೇ ಪುಟದಲ್ಲಿ ಯುದ್ಧ ಖಲಾಸ್!

ಆಗ ಅಮೆರಿಕ ಯುದ್ಧದ ಹೊರಗಿತ್ತು, ನಡೆಯಿತು. 1941ರ ಡಿಸೆಂಬರ್‌ನಲ್ಲಿ ತಾನೇ ಯುದ್ಧಕ್ಕಿಳಿದ ಮೇಲೆ ಕಷ್ಟ ಶುರುವಾಯಿತು. ಮನೆಮನೆಯ ಹುಡುಗರು ಸೈನ್ಯ ಸೇರುತ್ತಿರುವಾಗ ಗಟ್ಟಿಮುಟ್ಟಾದ ಕ್ಲಾರ್ಕ್ ಕೆಂಟ್ ಪತ್ರಿಕಾ ಕಚೇರಿಯಲ್ಲಿ ಕುಳಿತಿರುವುದು ಹೇಗೆ? ಹೋದರೆ ಮಧ್ಯಾಹ್ನದ ಊಟದೊಳಗೆ ಬರ್ಲಿನ್ ಬೀಳಬೇಕು. ಆದರೆ ಚಿತ್ರಕಥೆ ಅಚ್ಚಾಗುವ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಸತ್ತವರ ಸುದ್ದಿ! ಮಗನನ್ನು ಕಳೆದುಕೊಂಡ ಮನೆಗೆ ಆ ಗೆಲುವು ಅಣಕದಂತೆ ಕಂಡೀತು. ಕಥೆಗಾರರು 1942ರಲ್ಲಿ ಉಪಾಯ ಹೂಡಿದರು. ಸೈನ್ಯ ಸೇರಲು ಹೋದ ಕೆಂಟ್, ಕಣ್ಣಿನ ಪರೀಕ್ಷೆಯಲ್ಲಿ ಮೈಮರೆತು ತನ್ನ ಎಕ್ಸ್‌-ರೇ ದೃಷ್ಟಿಯಿಂದ ಗೋಡೆಯಾಚೆ ಪಕ್ಕದ ಕೋಣೆಯ ಅಕ್ಷರಗಳನ್ನು ಓದಿಬಿಟ್ಟ. ನಾಪಾಸು!

ಉಪಾಯ ಜಾಣತನದ್ದೇ. ಆದರೆ ಅವನ ಚಿತ್ರ ಬರೆದ ಜೋ ಶುಸ್ಟರ್‌ನನ್ನು ಸೈನ್ಯ ನಿಜಕ್ಕೂ ದೃಷ್ಟಿದೋಷಕ್ಕಾಗಿಯೇ ಬೇಡವೆಂದಿತು. ಕಥೆ ಬರೆದ ಜೆರ್ರಿ ಸೀಗಲ್ 1943ರಲ್ಲಿ ಸಿಪಾಯಿಯಾದ.

ಹೋಗಿ ಕಾದಾಡಿದವರೂ ಇದ್ದರು. ಕ್ಯಾಪ್ಟನ್ ಅಮೆರಿಕ 1941ರ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ. ಅವನಿಗೆ ಹಾರಲು ಬಾರದು, ಇರುವುದು ತೋಳ್ಬಲ ಮತ್ತು ಗುರಾಣಿ. ಹಾಗಾಗಿ ಅವನು ಕಾದಾಡಿದರೂ ಯುದ್ಧ ಮುಂದುವರಿಯಬಹುದಿತ್ತು. ಅವನನ್ನು ಚಿತ್ರಿಸಿದ ಜ್ಯಾಕ್ ಕರ್ಬಿ 1944ರಲ್ಲಿ ತಾನೇ ಬಂದೂಕು ಹಿಡಿದು ಫ್ರಾನ್ಸಿಗೆ ಹೋದ. ಫ್ಯಾಂಟಮ್ ಕೂಡ ಆ ಮಹಾಯುದ್ಧದ ಕಾಲದ ಕಥೆಯಲ್ಲಿ ಜಪಾನೀಯರ ವಿರುದ್ಧ ನಿಂತಿದ್ದ, ಅವರು ಅವನ ಕಾಡಿಗೇ ನುಗ್ಗಿದ್ದರಿಂದ.

1965ರಲ್ಲಿ ನಮ್ಮ ಹುಡುಗರಿಗೆ ಬೇಕಾಗಿದ್ದ ಕಥೆ ಇಂದ್ರಜಾಲದಲ್ಲಿ ಇರಲಿಲ್ಲ, ಕೊಡಗಿನವರೊಬ್ಬರ ಬದುಕಿನಲ್ಲಿತ್ತು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ ಕಾಯ್ದಿರಿಸಿದ ಪೈಲಟ್ ಮಾತ್ರ. ಯಾರಾದರೂ ತಪ್ಪಿದರಷ್ಟೇ ಅವರ ಸರದಿ. ಆದರೂ ಹೋದರು. ಅವರ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಬೆನ್ನಟ್ಟಿ ಹೊಡೆಯಿತು. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದು ಅದನ್ನು ಉರುಳಿಸಿದರು. ಅದರ ಪೈಲಟ್ ಹೊರಕ್ಕೆ ಹಾರಿ ಬದುಕಿಕೊಂಡ, ದೇವಯ್ಯ ಮರಳಲಿಲ್ಲ.

ಆ ಹೋರಾಟವನ್ನು ಕಂಡು ಬಂದು ಹೇಳುವವರು ಈ ಕಡೆ ಯಾರೂ ಇರಲಿಲ್ಲ. ಬೆಳಕಿಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನ ಪುಸ್ತಕದಿಂದ. ತ್ಯಾವರೆಕೊಪ್ಪದ ಸಿಂಹಧಾಮ ಬಾಗಿಲು ತೆರೆದ 1988ರಲ್ಲೇ, ಅಂದರೆ 23 ವರ್ಷಗಳ ನಂತರ, ಅವರ ಪತ್ನಿಯ ಕೈಗೆ ಮಹಾವೀರ ಚಕ್ರ ಬಂತು.