ಮನೆ ಪತ್ರದ ನಕಲು ಎಲ್ಲಿದೆ, ಗೊತ್ತೇ?

"ಮನೆ ಪತ್ರ ಎಲ್ಲಿದೆ?" ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ. "ಬೀರುವಿನಲ್ಲಿ ಇರ್ಬೇಕು, ಅದನ್ನೆಲ್ಲ ನಮ್ಮನೆಯವರೇ ನೋಡ್ಕೋತಾರೆ." ಒಡವೆ ಎಲ್ಲಿದೆ, ಗ್ಯಾಸ್ ಪುಸ್ತಕ ಎಲ್ಲಿದೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಿದೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುವ ನಾವು, ತಲೆಯ ಮೇಲಿನ ಸೂರಿನ ಕಾಗದದ ವಿಷಯ ಬಂದಾಗ ಮಾತ್ರ ಗಂಡನ ಮುಖ ನೋಡುತ್ತೇವೆ. ಯಜಮಾನರು ಆಸ್ಪತ್ರೆಯಲ್ಲಿದ್ದಾಗಲೋ, ಅವರು ಇಲ್ಲವಾದ ಮೇಲೋ ಬೀರು ತಡಕಾಡುವ ಪಾಡು ಯಾರಿಗೂ ಬೇಡ.

ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಕ್ರಯಪತ್ರ ಬೀರುವಿನಲ್ಲಷ್ಟೇ ಇಲ್ಲ. ನೋಂದಣಿಯಾದ ದಿನವೇ ಅದರ ಪ್ರತಿಯೊಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ನಾವೆಲ್ಲ ಸಬ್‌ರಿಜಿಸ್ಟ್ರಾರ್ ಆಫೀಸ್ ಅನ್ನುವ ಜಾಗದಲ್ಲಿ, ಉಳಿದುಕೊಂಡಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಕ್ರಯ, ದಾನ, ಅಡಮಾನದಂಥ ಪತ್ರಗಳೆಲ್ಲ ಅಲ್ಲಿನ ಒಂದನೇ ಪುಸ್ತಕಕ್ಕೆ ಸೇರುತ್ತವೆ. ವಿಲ್‌ಗಳಿಗೆ ಮೂರನೇ ಪುಸ್ತಕ. ಹಿಂದೆ ಇವನ್ನು ದಪ್ಪ ದಪ್ಪ ಪುಸ್ತಕಗಳಿಗೆ ಕೈಯಲ್ಲೇ ನಕಲು ಮಾಡುತ್ತಿದ್ದರು. ಈಗ 'ಕಾವೇರಿ' ತಂತ್ರಾಂಶದಲ್ಲಿ ಸ್ಕ್ಯಾನ್ ಆಗಿ ಕೂರುತ್ತವೆ. ಯಾರ ಹೆಸರು, ಯಾವ ಆಸ್ತಿ ಎಂದು ಹುಡುಕಲು ಬೇರೆ ಬೇರೆ ಸೂಚಿಗಳೂ ಉಂಟು.

ಒಂದನೇ ಪುಸ್ತಕ ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಅದಕ್ಕೆ ಗಂಡನ ಸಹಿ ಬೇಡ, ಮೈದುನನ ಒಪ್ಪಿಗೆಯೂ ಬೇಡ! ಅಸಲು ಪತ್ರ ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು ಈ ನಕಲು ತೆಗೆಸಿಕೊಳ್ಳಿ. ಅಸಲಿನಲ್ಲಿ ಏನಿತ್ತು ಎಂಬುದಕ್ಕೆ ನ್ಯಾಯಾಲಯದಲ್ಲೂ ಅದು ಸಾಕ್ಷಿಯಾಗುತ್ತದೆ. ವಿಲ್‌ನ ವಿಷಯ ಮಾತ್ರ ಬೇರೆ. ಬರೆದವರು ಬದುಕಿರುವಷ್ಟು ಕಾಲ ಅದರ ನಕಲು ಅವರಿಗೆ ಅಥವಾ ಅವರು ನೇಮಿಸಿದ ಪ್ರತಿನಿಧಿಗೆ ಮಾತ್ರ ಸಿಗುತ್ತದೆ.

ನೋಂದಣಿ ಮುಗಿದ ಮೇಲೆ ಅಸಲು ಪತ್ರವನ್ನು ವಾಪಸು ತರುವುದನ್ನೇ ಮರೆಯುವವರಿದ್ದಾರೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಕೇಳದೆ ಬಿದ್ದಿರುವ ಪತ್ರಗಳನ್ನು, ವಿಲ್ ಒಂದನ್ನು ಬಿಟ್ಟು, ನಾಶಪಡಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ಇನ್ನು ಖಾತಾ. ನಾವು ಹೆಂಗಸರು ಹೆಚ್ಚು ಎಡವುವುದು ಇಲ್ಲೇ. "ಖಾತಾ ನನ್ನ ಹೆಸರಲ್ಲಿದೆ, ಇನ್ನೇನು ಭಯ?" ಅನ್ನುತ್ತೇವೆ. ಖಾತಾ ಇರುವುದು ಪಾಲಿಕೆಯಲ್ಲಿ, ಪುರಸಭೆಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ. ಆಸ್ತಿ ತೆರಿಗೆಯನ್ನು ಯಾರಿಂದ ವಸೂಲಿ ಮಾಡಬೇಕು ಎಂದು ಅವರು ಇಟ್ಟುಕೊಂಡ ಲೆಕ್ಕ ಅದು. ಇಂಥ ನಮೂದುಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆದ್ದರಿಂದ ಯಜಮಾನರು ಪ್ರೀತಿಯಿಂದ "ಖಾತಾ ನಿನ್ನ ಹೆಸರಿಗೆ ಮಾಡಿಸ್ತೀನಿ" ಅಂದರೆ, "ಹಾಗಾದ್ರೆ ದಾನಪತ್ರವನ್ನೇ ರಿಜಿಸ್ಟರ್ ಮಾಡಿಸಿ" ಅನ್ನಿ. ಹೆಂಡತಿ ಮಕ್ಕಳಿಗೆ ಕೊಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಸಣ್ಣ ಮೊತ್ತ ಅಷ್ಟೇ.

ಹಾಗಂತ ಖಾತಾವನ್ನು ಅಸಡ್ಡೆ ಮಾಡುವಂತಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗುತ್ತಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ, ಹಾಗಾಗಿ ನಿಮ್ಮ ಮನೆ ಯಾವುದಕ್ಕೆ ಸೇರಿದೆ ಎಂದು ಒಮ್ಮೆ ನೋಡಿಕೊಳ್ಳಿ. ಊರ ಹೊರಗಿನ ಪಂಚಾಯಿತಿ ನಿವೇಶನಗಳಿಗೆ 2013ರಿಂದ ಇ-ಸ್ವತ್ತು ಬಂದಿದೆ, ಅಲ್ಲಿ ಕೇಳಬೇಕಾದ್ದು ನಮೂನೆ 9 ಮತ್ತು 11. ಕಂಪ್ಯೂಟರಿಗೆ ಹಳೇ ಪುಸ್ತಕದಿಂದ ವಿವರ ಏರಿಸುವಾಗ ಹೆಸರಿನ ಕಾಗುಣಿತ, ಅಳತೆ, ಚಕ್ಕುಬಂದಿ ತಪ್ಪುವುದುಂಟು. ಕ್ರಯಪತ್ರ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ದಿನಸಿ ಚೀಟಿ ತಾಳೆ ನೋಡುವವರಿಗೆ ಇದೇನು ದೊಡ್ಡ ಕೆಲಸವಲ್ಲ.

ಪರಿಚಯದ ಹಿರಿಯರೊಬ್ಬರ ಮನೆಯ ಖಾತಾ ಅವರ ಮಾವನವರ ಹೆಸರಲ್ಲೇ ಇತ್ತು. ಮಾವ ಹೋಗಿ, ಗಂಡನೂ ಹೋದ ಮೇಲೆ ಇವರು ಪ್ರತಿವರ್ಷ ತಪ್ಪದೆ ಕಂದಾಯ ಕಟ್ಟಿದ್ದರು. ರಸೀದಿ ಮಾತ್ರ ಮಾವನ ಹೆಸರಿಗೇ ಬರುತ್ತಿತ್ತು. ಮಗಳ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಒಪ್ಪಲಿಲ್ಲ. ಎರಡು ಮರಣ ಪ್ರಮಾಣಪತ್ರ, ವಂಶವೃಕ್ಷ, ದೂರದ ಊರುಗಳಲ್ಲಿದ್ದ ನಾದಿನಿಯರ ಸಹಿ ಎಲ್ಲ ಸೇರಿ ಪೌತಿ ಖಾತೆ ಆಗುವ ಹೊತ್ತಿಗೆ ಕಾಲೇಜು ಸೇರುವ ಗಡುವು ದಾಟಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡ ವರ್ಷವೇ, ಎಲ್ಲರ ಮನಸ್ಸೂ ಮೆತ್ತಗಿರುವಾಗಲೇ ಈ ಕೆಲಸ ಮುಗಿಸುವುದು ಲೇಸು.

ಮೂರನೆಯದು ಋಣಭಾರ ಪ್ರಮಾಣಪತ್ರ, ಇ.ಸಿ. ನಿಮ್ಮ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್‌ನಿಂದೀಚಿನದು ಕಾವೇರಿಯಲ್ಲಿ ಮನೆಯಲ್ಲೇ ಕೂತು ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಸಿಬ್ಬಂದಿ ಹಳೇ ಸೂಚಿ ಪುಸ್ತಕ ತೆಗೆಯಬೇಕು, ತಡವಾದೀತು. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲು ಇದರಲ್ಲಿ ಕಾಣಿಸುವುದಿಲ್ಲ ಎಂಬುದೂ ನೆನಪಿರಲಿ.

ಗೃಹಸಾಲ ತೀರಿಸಿದ್ದೀರಾ? ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಇಲ್ಲದಿದ್ದರೆ ಇ.ಸಿ.ಯಲ್ಲಿ ಸಾಲ ಹಾಗೇ ಉಳಿದಿರುತ್ತದೆ. ರಿಸರ್ವ್ ಬ್ಯಾಂಕಿನ 2023ರ ಸೂಚನೆಯಂತೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಅಸಲು ಪತ್ರಗಳನ್ನು ಹಿಂದಿರುಗಿಸಬೇಕು, ತಡವಾಗಿದ್ದು ಅವರಿಂದಲೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಪತ್ರಗಳನ್ನು ಪಟ್ಟಿಯ ಜತೆ ಒಂದೊಂದಾಗಿ ಎಣಿಸಿ ತೆಗೆದುಕೊಳ್ಳಿ.

ಈ ಭಾನುವಾರ ಒಂದರ್ಧ ಗಂಟೆ ಬಿಡುವು ಮಾಡಿಕೊಂಡು ಯಜಮಾನರ ಜತೆ ಕೂತು ಕ್ರಯಪತ್ರ ಹೊರಗೆ ತೆಗೆಯಿರಿ. ಅದರ ಮೇಲಿರುವ ನೋಂದಣಿ ಸಂಖ್ಯೆ, ವರ್ಷ, ಯಾವ ಉಪನೋಂದಣಾಧಿಕಾರಿ ಕಚೇರಿ ಎಂಬ ಮೂರು ವಿವರ, ಜತೆಗೆ ಖಾತಾ ಸಂಖ್ಯೆ, ಇಷ್ಟನ್ನು ಹಾಲಿನ ಲೆಕ್ಕ ಬರೆಯುವ ಡೈರಿಯ ಕೊನೇ ಪುಟದಲ್ಲಿ ಬರೆದಿಡಿ. ಬೀರುವಿನ ಬೀಗದಕೈ ಕಳೆದರೂ ಈ ಸಂಖ್ಯೆಗಳಿದ್ದರೆ ಕಚೇರಿಯಲ್ಲಿ ನಕಲು ಹುಡುಕುವುದು ಸುಲಭ.