ಜೇನುಮೇಣದ ದಪ್ಪ ಬತ್ತಿಗಳ ತಳ ಸಮ ಮಾಡುವ ಕ್ರಮ

ಜೇನು ಸಾಕುವ ರೈತರಿಗೆ ತುಪ್ಪದ ಜೊತೆಗೆ ಮೇಣವೂ ಒಂದು ಆದಾಯ. ತುಪ್ಪ ತೆಗೆಯುವಾಗ ಕೊಯ್ದ ಮುಚ್ಚಳಗಳನ್ನೂ ಹಳೆಯ ಎರಿಗಳನ್ನೂ ಕರಗಿಸಿ ಸೋಸಿ, ಕಂಬದಾಕಾರದ ದಪ್ಪ ಮೇಣದ ಬತ್ತಿಗಳನ್ನು ಮನೆಯಲ್ಲಿಯೇ ಎರಕ ಹೊಯ್ಯಬಹುದು. ಇಂಥ ಬತ್ತಿ ಆಧಾರವಿಲ್ಲದೆ ತಾನೇ ನಿಲ್ಲಬೇಕಾದ್ದರಿಂದ ಅದರ ತಳ ಸಮವಾಗಿರುವುದು ಅತ್ಯಗತ್ಯ. ವಾಲಿ ನಿಂತ ಬತ್ತಿ ಒಂದು ಪಕ್ಕಕ್ಕೆ ಉರಿದು, ಅಂಚು ಒಡೆದು, ಮೇಣ ಸೋರಿ ಹಾಳಾಗುತ್ತದೆ. ಉರುಳಿದರಂತೂ ಹುಲ್ಲು, ಸೌದೆ ಇರುವ ಮನೆಗೆ ಬೆಂಕಿಯ ಭಯ.

ತಳ ಏಕೆ ಕುಳಿಯಾಗುತ್ತದೆ?

ಅಚ್ಚಿನಲ್ಲಿ ಬತ್ತಿ ತಲೆಕೆಳಗಾಗಿರುತ್ತದೆ. ಮೇಲೆ ತೆರೆದಿರುವ ಭಾಗವೇ ಮುಂದೆ ತಳವಾಗುತ್ತದೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಆರಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಅಂಚು ಮೊದಲು ಹೆಪ್ಪುಗಟ್ಟಿ, ದಾರದ ಸುತ್ತಲಿನ ಭಾಗ ಕೊನೆಗೆ ಆರುವುದರಿಂದ ನಡುವೆ ಕುಳಿ ಬೀಳುತ್ತದೆ. ಅಚ್ಚು ಇಟ್ಟ ಜಾಗ ಓರೆಯಾಗಿದ್ದರೆ ತಳವೂ ಓರೆಯಾಗುತ್ತದೆ.

ಎರಕದ ವೇಳೆಯಲ್ಲಿ

ತಳ ಸಮ ಮಾಡುವ ಅರ್ಧ ಕೆಲಸ ಎರಕದಲ್ಲಿಯೇ ಮುಗಿಯಬೇಕು.

1. ಅಚ್ಚು ಇಡುವ ಹಲಗೆಯನ್ನು ಗಾರೆ ಕೆಲಸದವರ ರಸಮಟ್ಟದಿಂದ ಪರೀಕ್ಷಿಸಬೇಕು.

2. ಅಚ್ಚಿನ ಅಂಚಿಗಿಂತ ಅರ್ಧ ಅಂಗುಲ ಕೆಳಗಿನವರೆಗೆ ಮಾತ್ರ ಮೇಣ ಹೊಯ್ಯಬೇಕು.

3. ಮೇಲ್ಭಾಗ ಕೆನೆಗಟ್ಟಿದ ಮೇಲೆ ದಾರದ ಪಕ್ಕದಲ್ಲಿ ತೆಳು ಕಡ್ಡಿಯಿಂದ ಎರಡು ಮೂರು ತೂತು ಚುಚ್ಚಬೇಕು. ಆರಿ ಕುಳಿ ಬಿದ್ದ ಮೇಲೆ ಮೊದಲಿಗಿಂತ ತುಸು ಹೆಚ್ಚು ಬಿಸಿಯಾದ ಮೇಣವನ್ನು ಅದರಲ್ಲಿ ತುಂಬಬೇಕು. ಮೊದಲ ಎರಕದ ಮಟ್ಟ ಮೀರಿದರೆ ಮೇಣ ಅಚ್ಚಿಗೂ ಬತ್ತಿಗೂ ನಡುವೆ ಇಳಿದು ಮೈ ಕೆಡಿಸುತ್ತದೆ.

4. ಅಚ್ಚನ್ನು ಗಾಳಿಗೆ, ತಣ್ಣೀರಿಗೆ ಇಡಬಾರದು. ಬೇಗ ಆರಿದ ಮೇಣ ಬಿರುಕು ಬಿಡುತ್ತದೆ.

ಬಿಸಿ ತಟ್ಟೆಯ ಕ್ರಮ

ಉಳಿದ ಏರುತಗ್ಗನ್ನು ಚಾಕುವಿನಿಂದ ಹೆರೆದರೆ ಅಂಚು ಚಕ್ಕೆ ಏಳುತ್ತದೆ. ಬಿಸಿ ತಟ್ಟೆಯ ಮೇಲೆ ಕರಗಿಸುವುದೇ ಉತ್ತಮ. ದೋಸೆ ಅಥವಾ ರೊಟ್ಟಿಯ ಹಂಚಿನ ನಡುಭಾಗ ತಗ್ಗಾಗಿದ್ದರೆ ಅದು ಈ ಕೆಲಸಕ್ಕೆ ಆಗದು. ಚಪ್ಪಟೆ ತಳದ, ಅಂಚು ಎದ್ದಿರುವ ಸ್ಟೀಲ್ ತಟ್ಟೆಯನ್ನು ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಅಲುಗಾಡದಂತೆ ಇಡಬೇಕು. ಹಬೆಯ ಶಾಖ 100 ಡಿಗ್ರಿ ದಾಟದ ಕಾರಣ ಮೇಣ ಕರಗುತ್ತದೆಯೇ ಹೊರತು ಸೀಯುವುದಿಲ್ಲ.

ಮೊದಲು ತಳದಲ್ಲಿ ಚಾಚಿದ ದಾರವನ್ನು ಕತ್ತರಿಸಬೇಕು. ಬಳಿಕ ಬತ್ತಿಯನ್ನು ನೆಟ್ಟಗೆ ಹಿಡಿದು ತಟ್ಟೆಗೆ ಮುಟ್ಟಿಸಿ, ಒತ್ತದೆ, ಎರಡು ಮೂರು ಸೆಕೆಂಡು ನಿಧಾನವಾಗಿ ತಿರುಗಿಸಿ ಎತ್ತಬೇಕು. ಅಗತ್ಯವಿದ್ದರೆ ಮತ್ತೆ ಮುಟ್ಟಿಸಬಹುದು. ಒಮ್ಮೆಗೇ ಹೆಚ್ಚು ಹೊತ್ತು ಇಟ್ಟರೆ ಬತ್ತಿ ಗಿಡ್ಡವಾಗಿ ಅಂಚು ಹೊರಚಾಚುತ್ತದೆ. ತಟ್ಟೆಯಲ್ಲಿ ಉಳಿದ ಮೇಣವನ್ನು ಮುಂದಿನ ಎರಕಕ್ಕೆ ಸೇರಿಸಬಹುದು.

ಆರಿದ ಮೇಲೆ ಬತ್ತಿಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಬಡಗಿಯ ಮೂಲೆಮಟ್ಟವನ್ನು ಎರಡು ಪಕ್ಕಗಳಿಗೆ ಹಿಡಿದು ನೋಡಬೇಕು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದು ಕುಣಿಯಬಾರದು. ಕುಣಿಯುವ ಬತ್ತಿಯನ್ನು ಮಾರಾಟಕ್ಕೆ ಕಳುಹಿಸದೆ ಮತ್ತೆ ಸರಿಪಡಿಸಬೇಕು.

ಎಚ್ಚರಿಕೆ

ಮೇಣವನ್ನು ಎಂದೂ ನೇರ ಉರಿಯ ಮೇಲೆ ಕಾಯಿಸಬಾರದು. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಕಬ್ಬಿಣ, ತಾಮ್ರದ ಪಾತ್ರೆಗಳು ಮೇಣದ ಬಣ್ಣ ಕೆಡಿಸುತ್ತವೆ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯದೆ, ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಬೇಕು. ಮಕ್ಕಳನ್ನು ದೂರವಿಡಬೇಕು.

ತಳ ಸರಿಯಾದ ಬತ್ತಿ ನೆಟ್ಟಗೆ ನಿಂತು, ಹೆಚ್ಚು ಹೊತ್ತು ಉರಿಯುತ್ತದೆ. ಒಮ್ಮೆ ಕೊಂಡವರು ಮತ್ತೆ ಕೇಳಿಕೊಂಡು ಬರುವುದು ಅಂಥ ಬತ್ತಿಯನ್ನೇ.